ವಿಡಿಯೋದಲ್ಲಿ ನಂಬರ್ ಪ್ಲೇಟ್ ಇದೆ, ಡ್ರೈವರ್ ಎಲ್ಲಿ?

ಕಳೆದ ವಾರ ಮಾಗಡಿ ರಸ್ತೆಯಲ್ಲಿ ಗೆಳೆಯನ ಬೈಕ್ ಹಿಂದೆ ಕೂತು ಹೋಗ್ತಿದ್ದೆ. ರಾಂಗ್ ಸೈಡಲ್ಲಿ ಒಂದು ಕಾರು ನುಗ್ಗಿ ಬಂತು. ರಸ್ತೆ ದಾಟ್ತಿದ್ದ ಅಜ್ಜಿಯೊಬ್ಬರು ಸ್ವಲ್ಪದರಲ್ಲಿ ಉಳಿದುಕೊಂಡರು. ನನ್ನ ಫೋನಲ್ಲಿ ಹನ್ನೊಂದು ಸೆಕೆಂಡಿನ ವಿಡಿಯೋ ಇದೆ. ಅದರಲ್ಲಿ ಅಜ್ಜಿ ಕಾಣ್ತಾರೆ, ನಂಬರ್ ಪ್ಲೇಟ್ ಕಾಣುತ್ತೆ. ಓಡಿಸ್ತಿದ್ದವರ ಮುಖ ಕಾಣಲ್ಲ.

ಇಡೀ ಸಮಸ್ಯೆ ಇರೋದು ಇಲ್ಲೇ. ಬೆಂಗಳೂರು ಸಂಚಾರ ಪೊಲೀಸರು 2015ರಲ್ಲೇ 'ಪಬ್ಲಿಕ್ ಐ' ಆ್ಯಪ್ ತಂದರು. ಜನರೇ ಫೋಟೋ ತೆಗೆದು ದೂರು ಕೊಡಬಹುದು ಅನ್ನೋ ಐಡಿಯಾ ಒಳ್ಳೆಯದೇ. ಆದರೆ ಫೋಟೋಗೆ ಸಲೀಸಾಗಿ ಸಿಗೋದು ಹೆಲ್ಮೆಟ್ ಇಲ್ಲದ ತಲೆ, ಫುಟ್‌ಪಾತ್ ಮೇಲೆ ನಿಂತ ಕಾರು. ಅಪಾಯಕಾರಿ ಚಾಲನೆ ಬೇರೆಯೇ ಮಾತು. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಜೈಲಿಗೆ ಹೋಗಬೇಕಾದ್ದು ಮನುಷ್ಯ, ಗಾಡಿ ಅಲ್ಲ. ಹಾಗಾಗಿ ಯಾರು ಓಡಿಸ್ತಿದ್ರು ಅಂತ ಸಾಬೀತಾಗಬೇಕು.

ಅದನ್ನು ಓನರ್‌ನ ಕೇಳೋ ಅಧಿಕಾರ 133ನೇ ಸೆಕ್ಷನ್‌ನಲ್ಲಿದೆ. ಬ್ರಿಟನ್‌ನಲ್ಲೂ ಇಂಥದ್ದೇ ಕಾನೂನಿದೆ. ವೇಲ್ಸ್‌ನ 'ಆಪರೇಷನ್ ಸ್ನ್ಯಾಪ್'ನಲ್ಲಿ ಜನ ಕಳಿಸಿದ ಡ್ಯಾಶ್‌ಕ್ಯಾಮ್ ವಿಡಿಯೋ ಕೇಸಾಗೋದು ಅದರ ಬಲದಿಂದಲೇ. ಡ್ರೈವರ್ ಹೆಸರು ಹೇಳದ ಓನರ್‌ನ ಲೈಸೆನ್ಸ್ ಮೇಲೆ 6 ಪೆನಾಲ್ಟಿ ಪಾಯಿಂಟ್ ಬೀಳುತ್ತೆ. ನಮ್ಮಲ್ಲಿ? ಓನರ್ ಫೋನಿಗೆ ಮೆಸೇಜ್ ಬರುತ್ತೆ, ದಂಡ ಕಟ್ಟಿದರೆ ಮುಗೀತು. ಕಟ್ಟದಿದ್ದರೂ ಚಿಂತೆಯಿಲ್ಲ, 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಸರ್ಕಾರವೇ ಶೇ. 50 ರಿಯಾಯಿತಿ ಕೊಟ್ಟಿತ್ತಲ್ಲ! ಇದು ಸೀರೆ ಅಂಗಡಿಯ ಆಷಾಢ ಸೇಲಾ?

ವಿಡಿಯೋ ಕೋರ್ಟಲ್ಲಿ ನಿಲ್ಲೋದೂ ಸುಲಭ ಅಲ್ಲ. ಪೊಲೀಸ್ ಕ್ಯಾಮೆರಾಗೆ 2021ರ ನಿಯಮದ ಪ್ರಕಾರ ಮಾನ್ಯತೆ ಪತ್ರ ಇರುತ್ತೆ, ನಮ್ಮ ಮೊಬೈಲ್‌ಗೆ ಇರಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಫೈಲಿನ ಹ್ಯಾಶ್ ಸಮೇತ ಪ್ರಮಾಣಪತ್ರ ಕೊಡಬೇಕು. ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆಗಿ ಕುಗ್ಗಿದ ಕಾಪಿ ಸಾಲಲ್ಲ, ಮೂಲ ಫೈಲ್ ಉಳಿಸಿಕೊಂಡಿರಬೇಕು. ಇದನ್ನು ದೂರು ಕೊಡೋ ಕಾಲೇಜು ಹುಡುಗಿಗೆ ಹೇಳಿಕೊಡೋರು ಯಾರು? ಇನ್ನೊಂದು ತಮಾಷೆ ನೋಡಿ: ಗಾಡಿ ಓಡಿಸ್ತಾ ಫೋನ್ ಹಿಡಿದರೆ ಅದೂ ಅದೇ 184ರ ಅಪರಾಧ. ಶೂಟ್ ಮಾಡೋ ರೈಡರ್‌ ಕೂಡ ಆರೋಪಿಯೇ.

ಕೊನೆಗೆ ಸುಲಭವಾಗಿ ಸಿಕ್ಕಿಬೀಳೋರು ತಾವೇ ರೀಲ್ಸ್ ಹಾಕಿಕೊಂಡ ವೀಲಿಂಗ್ ಹುಡುಗರು. ಹಿಡಿಯಲಿ, ಬೇಡ ಅನ್ನಲ್ಲ. ಆದರೆ ಟಿಂಟೆಡ್ ಗಾಜಿನ ಹಿಂದೆ ಕೂತವರ ಕಥೆ?

'ಎಕ್ಸ್‌ನಲ್ಲಿ ಹಾಕ್ಬಿಡು ಮಚ್ಚಾ' ಅಂದ ಗೆಳೆಯ. ಹಾಕಿಲ್ಲ. ಕಾರು ಬಾಡಿಗೆದಾಗಿದ್ದರೆ ಬೈಗುಳ ತಿನ್ನೋದು ಯಾವನೋ ಮಾಲೀಕ. ಪೊಲೀಸರಿಗೇ ಕಳಿಸ್ತೀನಿ. ಜನರ ವಿಡಿಯೋಗಳಿಂದ ಎಷ್ಟು 184 ಕೇಸ್ ದಾಖಲಾದವು, ಎಷ್ಟು ಸಲ ಓನರ್‌ಗೆ 133ರ ನೋಟಿಸ್ ಹೋಯ್ತು, ಎಷ್ಟರಲ್ಲಿ ಶಿಕ್ಷೆ ಆಯ್ತು ಅನ್ನೋ ಆರ್‌ಟಿಐ ಅರ್ಜಿ ಕೂಡ ಅದರ ಜೊತೆಗೇ ಹೋಗುತ್ತೆ.