ಡೇರೆ ಕಿತ್ತ ಮೇಲೆ

ಜಿ. ಅರವಿಂದನ್ ಅವರು 1978ರಲ್ಲಿ ನಿರ್ದೇಶಿಸಿದ ‘ತಂಬು’ ಎಂಬ ಮಲೆಯಾಳ ಚಲಚ್ಚಿತ್ರವನ್ನು ಕಂಡ ವಿದ್ಯಾವಂತರು, ಅದರಲ್ಲಿ ಕಥೆಯಿಲ್ಲ, ನಡೆ ಬಹು ಮಂದ, ಅರ್ಥ ದುರೂಹ ಎಂದು ದೂರುವುದುಂಟು. ಈ ದೂರು ಚಿತ್ರದ ದೋಷವನ್ನಲ್ಲ, ದೂರುವವರ ದೃಷ್ಟಿದೋಷವನ್ನೇ ಹೊರಗೆಡಹುತ್ತದೆ.

ಚಿತ್ರದಲ್ಲಿರುವುದು ಇಷ್ಟೆ. ಭಾರತಪ್ಪುಳೆಯ ದಡದ ಹಳ್ಳಿಗೆ ಸರ್ಕಸ್ಸಿನವರು ಲಾರಿಯಲ್ಲಿ ಬಂದು ಡೇರೆ ಹೊಡೆಯುತ್ತಾರೆ. ಊರವರು ಮೊದಲು ಬೆರಗಾಗಿ ನೋಡುತ್ತಾರೆ; ದೇವಾಲಯದ ಉತ್ಸವ ಸಮೀಪಿಸಿದೊಡನೆ ಅತ್ತ ತಿರುಗುತ್ತಾರೆ. ಡೇರೆ ಕಿತ್ತು ಲಾರಿ ಹೊರಡುತ್ತದೆ. ನಟರೊಡನೆ ನಿಜವಾದ ಸರ್ಕಸ್ಸಿನ ಕಲಾವಿದರೇ ಇಲ್ಲಿದ್ದಾರೆ. ಅವರ ದಣಿದ ಮುಖಗಳ ಮುಂದೆ ಚಿತ್ರವು ಸುಮ್ಮನೆ ನಿಲ್ಲುತ್ತದೆ. ಮಂದವೆನಿಸುವುದು ಈ ನಿಲುಗಡೆಯೇ. ಚಪ್ಪಾಳೆ ತಟ್ಟಿ ಮನೆಗೆ ನಡೆಯುವ ರೂಢಿಯವರಿಗೆ ದಣಿವಿನ ಎದುರು, ಮುಪ್ಪಿನ ಎದುರು ಕುಳಿತಿರುವುದು ಬೇಸರವಲ್ಲದೆ ಮತ್ತೇನು?

1998ರಲ್ಲಿ ಕೇಂದ್ರ ಸರ್ಕಾರವು ಹುಲಿ, ಸಿಂಹ, ಕರಡಿ, ಕಪಿಗಳನ್ನು ಆಟಕ್ಕೆ ಬಳಸಕೂಡದೆಂದು ಆಜ್ಞಾಪಿಸಿತು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ತಡೆಯಬೇಕೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಎರಡೂ ನ್ಯಾಯವೇ. ‘ತಂಬು’ವಿನ ಸವೆದ ಸುರುಳಿಗೂ ಜೀರ್ಣೋದ್ಧಾರವಾಗಿ, 2022ರಲ್ಲಿ ಅದು ಕಾನ್ ಚಿತ್ರೋತ್ಸವದಲ್ಲಿ ಮತ್ತೆ ಬೆಳಕು ಕಂಡಿತು. ಮೃಗಕ್ಕೆ ಕರುಣೆ, ಮಗುವಿಗೆ ರಕ್ಷಣೆ, ಸುರುಳಿಗೆ ಚಿಕಿತ್ಸೆ. ಆಟವಾಡಿಯೇ ಸವೆದ ಮೈಗೆ?

ಸರ್ಕಸ್ಸು ದೂರದ ಮಾತೆಂದು ಸಿಂಧನೂರು ಸೀಮೆಯವರು ಜಾರಿಕೊಳ್ಳುವಂತಿಲ್ಲ. ತುಂಗಭದ್ರೆಯ ದಡದ ಮುಕ್ಕುಂದದಂತಹ ಊರುಗಳಿಗೆ ಹಗ್ಗದ ಮೇಲೆ ನಡೆಯುವ ಡೊಂಬರು, ಹಗಲುವೇಷದವರು, ತೊಗಲುಗೊಂಬೆಯವರು ಹೊಸಬರೇ? ನೆರೆಯ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರು ಎಳೆವಯಸ್ಸಿನಿಂದಲೂ ಗೊಂಬೆಯಾಡಿಸಿದವರು. 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರಿಗೆ ತೊಂಬತ್ತು ದಾಟಿತ್ತು. ಗೌರವ ಬಂದುದು ಸಂತೋಷ. ಇಷ್ಟು ತಡವಾದುದು ನಾಚಿಕೆ. ಆ ಭಾಗ್ಯವೂ ಇಲ್ಲದೆ ಕಣ್ಮುಚ್ಚಿದವರ ಲೆಕ್ಕವನ್ನು ಇಟ್ಟವರಾರು?

ಶಾಲು ಹೊದಿಸುವುದಕ್ಕೆ ಸಭೆ ಬೇಕು. ಮಾತು ಕೇಳುವುದಕ್ಕೆ ಮನೆಯ ಜಗಲಿ ಸಾಕು. ಬಾಗಿಲಿಗೆ ಬಂದ ಮುದಿ ವೇಷಗಾರನ ಜೋಳಿಗೆಗೆ ಚಿಲ್ಲರೆ ಹಾಕಿ ಕಳುಹಿಸುವ ಓದುಬಲ್ಲ ಗೃಹಸ್ಥರು, ಅವನನ್ನು ಕುಳ್ಳಿರಿಸಿ, ಅವನು ಕಲಿತ ಪದಗಳನ್ನೂ ತಿರುಗಿದ ಊರುಗಳನ್ನೂ ಅವನ ಬಾಯಿಂದಲೇ ಕೇಳಿ ಬರೆದಿಡಲಿ. ಅವನಿಗೆ ಸಲ್ಲಬೇಕಾದ ಮಾಸಾಶನಕ್ಕೆ ಒಂದು ಅರ್ಜಿಯನ್ನೂ ಬರೆದುಕೊಡಲಿ. ಆಮೇಲೆ ‘ತಂಬು’ವನ್ನು ನೋಡಲಿ. ಅದರಲ್ಲಿ ದುರೂಹವಾದುದು ಏನೂ ಉಳಿಯದು.