ಮನೆಯ ಪುಸ್ತಕ: ಕಾದಂಬರಿಯ ಶಾಂತಲೆ, ಕಲ್ಲಿನ ಶಾಂತಲೆ

ನಮ್ಮ ಪರಿಚಯದ ಗೃಹಿಣಿಯರ ಕೂಟವೊಂದು ವಾರಕ್ಕೊಮ್ಮೆ ಸೇರಿ, ಒಬ್ಬರು ಓದಿ ಉಳಿದವರು ಕೇಳುವ ಕ್ರಮದಲ್ಲಿ, ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯನ್ನು ಈಚೆಗೆ ಮುಗಿಸಿತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ತರುಣರ ಮೈಕಟ್ಟನ್ನು ತಿದ್ದಿದವರೇ ಹೊಯ್ಸಳ ರಾಣಿಯ ಇಷ್ಟೊಂದು ಕೋಮಲವಾದ ಕಥೆಯನ್ನೂ ಬರೆದರೆಂಬುದು ಸೋಜಿಗವೇ ಸರಿ. ನೃತ್ಯ, ಶಿಲ್ಪ, ಪ್ರೇಮಗಳು ಹೆಣೆದುಕೊಂಡಿರುವ ಆ ಕೃತಿಯನ್ನು ಕೇಳುತ್ತ ಸೆರಗಿನಿಂದ ಕಣ್ಣೊರಸಿಕೊಳ್ಳದವರಿಲ್ಲವಂತೆ.

ಆದರೆ ಕೊನೆಯ ದಿನ ವಾಗ್ವಾದವೊಂದು ಹುಟ್ಟಿತು. ಶಾಂತಲೆ ತನ್ನನ್ನೇ ತೆತ್ತುಕೊಂಡದ್ದು ಪ್ರೇಮದ ಪರಾಕಾಷ್ಠೆಯೆಂದು ಹಿರಿಯರು ಹೇಳಿದರು. ಹಾಗಾದರೆ ತಾನು ಇಲ್ಲವಾಗದ ಹೊರತು ಹೆಣ್ಣಿನ ಪ್ರೇಮ ನಿಜವಾಗದೇ, ಎಂದು ಮದುವೆ ಗೊತ್ತಾಗಿರುವ ತರುಣಿಯೊಬ್ಬಳು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಪ್ರಶ್ನೆ ನಮ್ಮಲ್ಲಿಗೆ ಬಂದಿದೆ.

ಕಾದಂಬರಿಕಾರನಿಗೆ ಕಲ್ಪನೆಯ ಸ್ವಾತಂತ್ರ್ಯವುಂಟು; ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೂ ಶಾಂತಲೆಯ ವಿಷಯದಲ್ಲಿ ಕಲ್ಲುಗಳೂ ಮಾತನಾಡುತ್ತವೆ. ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಿಸಿದಾಗ, ಅದೇ ಪ್ರಾಕಾರದಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಈಕೆ. ಗೀತ, ವಾದ್ಯ, ನೃತ್ಯಗಳಲ್ಲಿ ಈಕೆಗಿದ್ದ ಪ್ರೌಢಿಮೆಯನ್ನು ಶಾಸನಗಳು ಕೊಂಡಾಡುತ್ತವೆ. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನಿಗೆ ಬಸದಿಯನ್ನೆತ್ತಿಸಿ, ಅದಕ್ಕೆ ತನ್ನ ಬಿರುದನ್ನೇ ಹೆಸರಾಗಿಟ್ಟಳು: ಸವತಿಗಂಧವಾರಣ ಬಸದಿ. ಸವತಿಯರ ಪಾಲಿಗೆ ಮದಗಜವೆಂದು ಅದರ ಅರ್ಥ! ಈ ಬಿರುದನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿದವಳು ತಲೆತಗ್ಗಿಸಿ ಸ್ಥಾನವನ್ನು ಬಿಟ್ಟುಕೊಡುವ ಸ್ವಭಾವದವಳಾಗಿದ್ದಳೆಂದು ನಂಬುವುದು ನಮಗೆ ಕಷ್ಟ.

ಇನ್ನು ಮರಣದ ಮಾತು. ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಬೆಳಗೊಳದ ಶಾಸನ ತಿಳಿಸುತ್ತದೆ. ಅದನ್ನು ಕೇಳಿದ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಳೆಂದೂ ಅದೇ ಶಾಸನದಲ್ಲಿದೆ. ಮಗಳು ಬೆಟ್ಟದಿಂದ ಧುಮುಕಿದಳೆಂಬ ಮಾತು ಅಲ್ಲಿಲ್ಲ. ಆದರೂ ಶಿವಗಂಗೆಗೆ ಹೋದ ಯಾತ್ರಿಕರಿಗೆ ಇಂದಿಗೂ ಆ ಕಡಿದಾದ ಸ್ಥಳವನ್ನು ಬೆರಳು ಮಾಡಿ ತೋರಿಸುತ್ತಾರೆ. ಬೇಲೂರಿನಲ್ಲಿಯೂ ಹೀಗೆಯೇ: ದರ್ಪಣಸುಂದರಿಯೇ ಶಾಂತಲೆ, ಕೆತ್ತಿದವನು ಜಕಣಾಚಾರಿ ಎಂದು ಹೇಳುವವರಿಗೆ ಕೊರತೆಯಿಲ್ಲ. ಮದನಿಕೆಯರ ಪೀಠಗಳ ಮೇಲಿರುವುದಾದರೋ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು. ತಂದೆಮಕ್ಕಳಿಬ್ಬರೂ ಒಂದೇ ಗುಡಿಯಲ್ಲಿ ಉಳಿ ಹಿಡಿದು ದುಡಿದರೆಂಬ ನಿಜಸಂಗತಿ ನಮಗೆ ದಂತಕಥೆಗಿಂತಲೂ ರುಚಿಸುತ್ತದೆ.

ಆದುದರಿಂದ ಆ ಕನ್ಯೆಗೆ ನಾವು ಹೇಳುವುದಿಷ್ಟು: ಅಮ್ಮಾ, ನೀನು ಸುರಿಸಿದ ಕಣ್ಣೀರು ವ್ಯರ್ಥವಲ್ಲ, ಒಳ್ಳೆಯ ಕಾದಂಬರಿಗೆ ಅದು ಸಲ್ಲತಕ್ಕದ್ದೇ. ಆದರೆ ಧುಮುಕಿದ ಶಾಂತಲೆಯನ್ನು ಚರಿತ್ರೆಯೆಂದು ಭಾವಿಸಿ ಗಂಡನ ಮನೆಗೆ ಕೊಂಡೊಯ್ಯಬೇಡ. ಹಾಡಿದ, ಕುಣಿದ, ಗುಡಿಬಸದಿಗಳನ್ನು ಕಟ್ಟಿಸಿ ಹೆಸರು ಕೆತ್ತಿಸಿದ ಶಾಂತಲೆಯೂ ಪತಿಯನ್ನು ಪ್ರೀತಿಸಿದವಳೇ.

ಕೂಟದವರು ಮುಂದಕ್ಕೆ ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲಾದೇವಿ’ಯನ್ನು ಹಿಡಿಯಲಿ. ಶಾಸನಗಳನ್ನು ಶೋಧಿಸಿ ಬರೆದ ಬೃಹತ್ಕೃತಿಯದು. 1983ರ ಮೂರ್ತಿದೇವಿ ಪುರಸ್ಕಾರವನ್ನು ಪಡೆದಿದೆ. ವಾರಕ್ಕೊಂದು ಬೈಠಕ್ಕಾದರೆ ವರ್ಷವೇ ಹಿಡಿದೀತು. ಅಷ್ಟರಲ್ಲಿ ಹುಡುಗಿ ತವರಿಗೆ ಬಂದು ಹೋಗುತ್ತಿರುವವಳಾದ್ದರಿಂದ, ಆಕೆ ಬಂದಾಗ ತಪ್ಪಿದ ಪ್ರಕರಣಗಳನ್ನು ಯಾರಾದರೂ ಓದಿ ಹೇಳತಕ್ಕದ್ದು.