ಡಾಕ್ಟರನ್ನು ಆರಿಸುವವರು ಯಾರು? ಅಂಗಡಿಯ ಲೆಕ್ಕದವರೇ!

ಹೊಸದಾಗಿ ಕೆಲಸಕ್ಕೆ ಸೇರಿದವನನ್ನು ಅಂಗಡಿಯ ಲೆಕ್ಕದವರು ಏನೇನೋ ಕೇಳುತ್ತಾರೆ. ಆಧಾರ್ ಕಾರ್ಡು ಕೇಳುತ್ತಾರೆ, ಬ್ಯಾಂಕ್ ಪಾಸ್‌ಬುಕ್ ಕೇಳುತ್ತಾರೆ, ಹೆಂಡತಿ ಮಕ್ಕಳ ಹೆಸರು, ವಯಸ್ಸು, ಫೋಟೋ ಎಲ್ಲ ಕೇಳುತ್ತಾರೆ. ಒಂದನ್ನು ಮಾತ್ರ ಕೇಳುವುದಿಲ್ಲ: "ನಿನಗೆ ಯಾವ ಡಿಸ್ಪೆನ್ಸರಿ ಅನುಕೂಲ ಆಗುತ್ತಪ್ಪಾ?"

ಇ.ಎಸ್.ಐ. ನೋಂದಣಿಯಲ್ಲಿ ಅದಕ್ಕೆಂದೇ ಜಾಗವಿದೆ. ಪಟ್ಟಿಯಿಂದ ಒಂದು ಡಿಸ್ಪೆನ್ಸರಿಯನ್ನು ಆರಿಸಬೇಕು. ಕಂಪ್ಯೂಟರಿನ ಮುಂದೆ ಕೂತ ಪುಣ್ಯಾತ್ಮರು ಅಂಗಡಿಗೆ ಹತ್ತಿರವಿರುವುದನ್ನು ಒತ್ತಿ ಮುಂದಕ್ಕೆ ಹೋಗುತ್ತಾರೆ. ಹಿಂದೆ ಸೇರಿದ ಹತ್ತು ಜನಕ್ಕೂ ಅದೇ, ನಾಳೆ ಸೇರುವ ಹತ್ತು ಜನಕ್ಕೂ ಅದೇ. ಕೆಲಸಗಾರನೂ ಅಷ್ಟೆ. "ಯಾವುದಾದ್ರೂ ಒಂದು ಬರ್ಕೊಳ್ಳಿ ಸಾರ್" ಅಂದು ರುಜು ಹಾಕಿ ಬರುತ್ತಾನೆ. ಒಂದು ಜೊತೆ ಚಪ್ಪಲಿಗೆ ನಾಲ್ಕು ಅಂಗಡಿ ಹತ್ತಿಳಿಯುವ ಮನುಷ್ಯ, ಮನೆಮಂದಿಯ ನಾಡಿ ಹಿಡಿಯುವ ಡಾಕ್ಟರನ್ನು ಆರಿಸುವ ಕೆಲಸವನ್ನು ಮಾತ್ರ ಯಾರಿಗೋ ಬಿಟ್ಟುಕೊಡುತ್ತಾನೆ!

ಇದರಿಂದ ಆಗುವ ಫಜೀತಿ ಕಾಯಿಲೆ ಬಿದ್ದಾಗಲೇ ಗೊತ್ತಾಗುವುದು.

ಮಲ್ಲೇಶ್ವರದ ಸಂಪಿಗೆ ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸ, ಚಾಮರಾಜಪೇಟೆಯ ಹಿಂದಿನ ಗಲ್ಲಿಯಲ್ಲಿ ಮನೆ ಅಂದುಕೊಳ್ಳಿ. ಡಿಸ್ಪೆನ್ಸರಿ ಮಲ್ಲೇಶ್ವರದ ಕಡೆಯದು. ಮಗುವಿಗೆ ಜ್ವರ ಬಂದರೆ ತಾಯಿ ಅದನ್ನು ಸೊಂಟಕ್ಕೇರಿಸಿಕೊಂಡು ಮಾರ್ಕೆಟ್ಟು, ಮೆಜೆಸ್ಟಿಕ್ಕು ದಾಟಿ ಹೋಗಬೇಕು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ, ನಿಜ. ಆದರೆ ಅರ್ಧ ದಿನ ಪುಕ್ಕಟೆಯೇ? ಆಕೆ ಹೋಗುವುದಿಲ್ಲ. ಬೀದಿ ಕೊನೆಯ ಪ್ರೈವೇಟ್ ಡಾಕ್ಟರಿಗೆ ಫೀಸು ಕೊಟ್ಟು, ಮೆಡಿಕಲ್ ಸ್ಟೋರಿಗೆ ದುಡ್ಡು ಸುರಿದು ಮನೆಗೆ ಬರುತ್ತಾಳೆ. ಅಲ್ಲಿಗೆ ಇ.ಎಸ್.ಐ. ಅನ್ನುವುದು ಸಂಬಳದ ಚೀಟಿಯಲ್ಲಿ ಕಡಿತದ ಒಂದು ಸಾಲಾಗಿ ಉಳಿಯಿತು, ಅಷ್ಟೆ.

ಆಮೇಲೆ ಒಂದು ದಿನ ಮನೆಯ ಯಜಮಾನನಿಗೇ ಕಾಮಾಲೆ. ಎದ್ದು ಓಡಾಡುವ ಶಕ್ತಿಯಿಲ್ಲ. ಅದೇ ಪ್ರೈವೇಟ್ ಡಾಕ್ಟರು ಹದಿನೈದು ದಿನ ರೆಸ್ಟು ಅಂತ ಬರೆದುಕೊಟ್ಟರು. ಕಾಯಿಲೆ ರಜೆಯ ಹಣ ಕೇಳಲು ಹೋದರೆ, "ಇ.ಎಸ್.ಐ. ಡಾಕ್ಟರ ಸರ್ಟಿಫಿಕೇಟ್ ಎಲ್ಲಿ?" ಪ್ರೈವೇಟ್ ಚೀಟಿ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ನಿಯಮದಂತೆ ಚಂದಾ ಕಟ್ಟಿದವನಿಗೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು ಹಣ ಸಿಗಬೇಕು. ದಿನಕ್ಕೆ 500 ರೂಪಾಯಿ ದುಡಿಯುವವನಿಗೆ 350 ರೂಪಾಯಿ. ಆ ಹಣಕ್ಕೆ ಕೀಲಿಕೈ ಇರುವುದು ಡಿಸ್ಪೆನ್ಸರಿಯ ಡಾಕ್ಟರ ಕೈಯಲ್ಲಿ. ಕೀಲಿಕೈ ಮಲ್ಲೇಶ್ವರದಲ್ಲಿ, ರೋಗಿ ಚಾಮರಾಜಪೇಟೆಯಲ್ಲಿ!

ರಾಜಾಜಿನಗರದ ದೊಡ್ಡ ಇ.ಎಸ್.ಐ. ಆಸ್ಪತ್ರೆಗೆ ನೇರವಾಗಿ ಹೋಗಬಾರದೇ ಅಂತ ಕೆಲವರು ಕೇಳಬಹುದು. ತುರ್ತು ಇದ್ದರೆ ಧಾರಾಳವಾಗಿ ಹೋಗಬಹುದು. ಆದರೆ ಮಗುವಿನ ಕೆಮ್ಮು, ಮುದುಕಿಯ ಬಿ.ಪಿ. ಮಾತ್ರೆ, ಮಂಡಿನೋವು, ಇವೆಲ್ಲ ತುರ್ತಲ್ಲ. ದೊಡ್ಡ ಡಾಕ್ಟರ ಹತ್ತಿರ ಹೋಗಬೇಕಾದರೂ ಸಾಮಾನ್ಯವಾಗಿ ಮೊದಲು ಡಿಸ್ಪೆನ್ಸರಿಯ ಚೀಟಿ ಬೇಕು. ಆ ಮೊದಲ ಬಾಗಿಲೇ ದೂರವಾದರೆ ಹಿಂದಿನ ಮಹಲು ಎಷ್ಟು ದೊಡ್ಡದಿದ್ದರೇನು?

ಮಿಲ್ಲಿನ ಕಾಲದ ಅಭ್ಯಾಸ

ಹೀಗೇಕಾಯಿತು? ಅಂಗಡಿಯವರದು ದುರುದ್ದೇಶವೇನಲ್ಲ. 1948ರ ಕಾಯಿದೆ 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಮೊದಲು ಜಾರಿಗೆ ಬಂತು. ಬೆಂಗಳೂರಿಗೆ ಯೋಜನೆ ಬಂದದ್ದು 1958ರಲ್ಲಿ. ಆಗಿನ ಕಾರ್ಮಿಕ ಅಂದರೆ ಮಿಲ್ಲಿನ ಕಾರ್ಮಿಕ. ಬಿನ್ನಿ, ಮಿನರ್ವ, ರಾಜಾ ಮಿಲ್ಲುಗಳ ಆಳು ಮಿಲ್ಲಿನ ಕೂಗು ಕೇಳುವಷ್ಟು ಹತ್ತಿರದಲ್ಲೇ ಮನೆ ಮಾಡಿಕೊಂಡಿರುತ್ತಿದ್ದ. ಮಿಲ್ಲಿಗೆ ಹತ್ತಿರ ಅಂದರೆ ಮನೆಗೂ ಹತ್ತಿರ. ಎಲ್ಲಿ ಬರೆದರೂ ಒಂದೇ.

ಈಗ ಆ ಮಿಲ್ಲುಗಳಿಲ್ಲ. ರಾಜಾ ಮಿಲ್ಲಿದ್ದ ಜಾಗದಲ್ಲಿ ಮಾಲ್ ಎದ್ದಿದೆ. ಇವತ್ತು ಚಂದಾ ಕಟ್ಟುವವರು ಬಟ್ಟೆ ಅಂಗಡಿಯ ಸೇಲ್ಸ್‌ಮನ್, ಹೋಟೆಲಿನ ಸಪ್ಲೈಯರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಸೆಕ್ಯುರಿಟಿಯವರು. ಕೆಲಸ ಗಾಂಧಿ ಬಜಾರಿನಲ್ಲಿ, ಮನೆ ಕೆಂಗೇರಿಯಾಚೆ. ಬಸವನಗುಡಿಯಲ್ಲಿ ಬಾಡಿಗೆ ಕೊಡುವ ಯೋಗ ಅವರಿಗೆಲ್ಲಿಂದ ಬರಬೇಕು? ಕಾಲ ಬದಲಾಯಿತು, ಊರು ಬೆಳೆಯಿತು, ಲೆಕ್ಕದವರ ಬೆರಳು ಮಾತ್ರ ಅದೇ ಜಾಗ ಒತ್ತುತ್ತಿದೆ.

ಇನ್ನು ಊರಲ್ಲೇ ಸಂಸಾರ ಬಿಟ್ಟು ಬಂದವರ ಪಾಡು ಬೇರೆ. ಮಂಡ್ಯದ ಕಡೆಯ ಹುಡುಗ ಇಲ್ಲಿ ರೂಮಿನಲ್ಲಿರುತ್ತಾನೆ, ಹೆಂಡತಿ ಮತ್ತು ಅವನನ್ನೇ ನಂಬಿದ ತಂದೆತಾಯಿ ಅಲ್ಲಿ. ಮನೆಯವರು ಜೊತೆಯಲ್ಲೇ ಇದ್ದಾರೆಯೇ, ಇಲ್ಲದಿದ್ದರೆ ಎಲ್ಲಿದ್ದಾರೆ ಎಂಬ ಪ್ರಶ್ನೆ ಅದೇ ಫಾರಂನಲ್ಲಿದೆ. ಅದಕ್ಕೂ ಕಣ್ಣುಮುಚ್ಚಿ "ಜೊತೆಯಲ್ಲಿದ್ದಾರೆ" ಅಂತ ಬರೆದರೆ ಮುದುಕರು ಮಂಡ್ಯದಿಂದ ಬೆಂಗಳೂರಿಗೆ ಬಂದು ಮಾತ್ರೆ ಇಸಕೊಳ್ಳಬೇಕೇ?

ಪುಕ್ಕಟೆಯದಲ್ಲ ಸ್ವಾಮಿ

ಇ.ಎಸ್.ಐ. ಅಂದರೆ ಧರ್ಮಾಸ್ಪತ್ರೆ ಎಂಬ ಭಾವನೆ ಬಹಳ ಜನಕ್ಕಿದೆ. ಲೆಕ್ಕ ನೋಡಿ. 2019ರ ಜುಲೈನಿಂದ ಕಾರ್ಮಿಕನ ಪಾಲು ಸಂಬಳದ ನೂರಕ್ಕೆ 0.75, ಮಾಲೀಕರದು 3.25. ಸಂಬಳ 15,000 ಇದ್ದರೆ ಇಬ್ಬರದೂ ಸೇರಿ ತಿಂಗಳಿಗೆ 600 ರೂಪಾಯಿ, ವರ್ಷಕ್ಕೆ 7,200. ಇದರಲ್ಲಿ ದೊಡ್ಡ ಗಂಟು ಅಂಗಡಿ ಮಾಲೀಕರದೇ. ದುಡ್ಡು ಕೊಟ್ಟ ಮೇಲೂ ಅಂಗಡಿಯ ಹುಡುಗ ಪ್ರೈವೇಟ್ ಡಾಕ್ಟರಿಗೆ ಅಡ್ವಾನ್ಸ್ ಕೇಳಿಕೊಂಡು ಗಲ್ಲಾದ ಮುಂದೆ ನಿಂತರೆ ನಷ್ಟ ಯಾರಿಗೆ?

"ಅಲ್ಲಿ ಕ್ಯೂ ಉದ್ದ, ಔಷಧಿ ಇರಲ್ಲ, ಡಾಕ್ಟರು ಮುಖ ಎತ್ತಿ ನೋಡಲ್ಲ" ಎಂಬ ಮಾತು ಬಸ್ಸಿನಲ್ಲಿ ದಿನಾ ಕೇಳಿಬರುತ್ತದೆ. ಅದರಲ್ಲಿ ಸತ್ಯವಿಲ್ಲ ಅನ್ನುವಂತಿಲ್ಲ. ಆದರೆ ಎಲ್ಲಾ ಕಡೆ ಒಂದೇ ಥರ ಅಂತಲೂ ಇಲ್ಲ. ಹಾಗಿರುವುದರಿಂದಲೇ ವಿಚಾರಿಸಿ ಆರಿಸಬೇಕಾದದ್ದು. ಪಕ್ಕದ ಮನೆಯ ಗಾರ್ಮೆಂಟ್ಸ್ ಹೆಂಗಸನ್ನು ಕೇಳಿದರೆ ಎಲ್ಲಿ ಬೆಳಿಗ್ಗೆ ಬೇಗ ನೋಡುತ್ತಾರೆ, ಎಲ್ಲಿ ಮಕ್ಕಳನ್ನು ಚೆನ್ನಾಗಿ ನೋಡುತ್ತಾರೆ ಎಂಬುದೆಲ್ಲ ಅರ್ಧ ಗಂಟೆ ಹೇಳುತ್ತಾಳೆ. ಯಾವ ಆಫೀಸಿನ ಬೋರ್ಡಿನಲ್ಲೂ ಅದು ಸಿಗುವುದಿಲ್ಲ.

ಈ ಹಳೇ ಬಡಾವಣೆಗಳಿಗೆ ಮನೆ ಡಾಕ್ಟರು ಅನ್ನುವುದು ಹೊಸ ಮಾತೇನಲ್ಲ. ಮೂಲೆ ಮನೆಯ ಮುಂದಿನ ಕೋಣೆಯಲ್ಲಿ ಬೋರ್ಡು ಹಾಕಿಕೊಂಡು, ಕೆಂಪು ಮಿಕ್ಸ್‌ಚರ್ ಬಾಟ್ಲಿಗೆ ಡೋಸಿನ ಚೀಟಿ ಅಂಟಿಸಿ ಕೊಡುತ್ತಿದ್ದವರನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ತಾತನ ದಮ್ಮು, ಸೊಸೆಯ ಬಾಣಂತನ, ಮೊಮ್ಮಗನ ಮಂಗನಬಾವು ಎಲ್ಲ ಆ ಒಬ್ಬರಿಗೇ ಗೊತ್ತು. ಅವರ ಶಕ್ತಿ ಇದ್ದದ್ದು ಮಿಕ್ಸ್‌ಚರಿನಲ್ಲಲ್ಲ, ಆ ಗುರುತಿನಲ್ಲಿ. ಇಂಗ್ಲೆಂಡಿನಲ್ಲಿ 1911ರ ವಿಮಾ ಕಾಯಿದೆ ಮಾಡಿದಾಗಲೇ ಕಾರ್ಮಿಕ ತನ್ನ ಡಾಕ್ಟರನ್ನು ಪ್ಯಾನೆಲ್ ಪಟ್ಟಿಯಿಂದ ತಾನೇ ಆರಿಸಬಹುದೆಂದು ಬರೆದರು. ನಮ್ಮ ಇ.ಎಸ್.ಐ.ನಲ್ಲೂ ಪ್ಯಾನೆಲ್ ಡಾಕ್ಟರ ಪದ್ಧತಿ ಉಂಟು, ಮುಂಬಯಿಯವರಿಗೆ ಅದು ಚೆನ್ನಾಗಿ ಗೊತ್ತು. ಇಲ್ಲಿ ಹೆಚ್ಚಾಗಿ ಸರ್ಕಾರಿ ಡಿಸ್ಪೆನ್ಸರಿಯೇ ಗತಿ. ಇಂಥ ಡಾಕ್ಟರೇ ಬೇಕು ಅನ್ನಲಾಗದಿದ್ದರೂ ಇಂಥ ಬಾಗಿಲೇ ಬೇಕು ಅನ್ನಬಹುದಲ್ಲ.

ಸಂಬಳ 21,000 ದಾಟಿ ಇ.ಎಸ್.ಐ.ನಿಂದ ಹೊರಗೆ ಬಿದ್ದವರು, ಕಂಪನಿಯ ಮೆಡಿಕ್ಲೇಮ್ ಇರುವವರು ನಗಬೇಕಾಗಿಲ್ಲ. ಅವರ ಕಾರ್ಡು ಸಾಮಾನ್ಯವಾಗಿ ಕೆಲಸಕ್ಕೆ ಬರುವುದು ಆಸ್ಪತ್ರೆಯ ಹಾಸಿಗೆ ಹಿಡಿದ ಮೇಲೆ. ನೆಗಡಿ ಜ್ವರಕ್ಕೆ ಅವರೂ ಕೈಯಿಂದಲೇ ಕೊಡಬೇಕು. ಮೊದಲ ದಿನದ ಜ್ವರವನ್ನೂ ನೋಡುವ ಡಾಕ್ಟರನ್ನು ಕೊಟ್ಟಿರುವುದು ಬಡವರ ಈ ಯೋಜನೆಯೇ.

ಈಗಾಗಲೇ ತಪ್ಪು ಜಾಗ ಬರೆಸಿಕೊಂಡವರಿಗೆ ದಾರಿ ಮುಚ್ಚಿಲ್ಲ. ಇ-ಪೆಹಚಾನ್ ಕಾರ್ಡಿನ ಹಾಳೆಯಲ್ಲಿ ಡಿಸ್ಪೆನ್ಸರಿಯ ಹೆಸರು ಅಚ್ಚಾಗಿರುತ್ತದೆ, ತೆಗೆದು ನೋಡಲಿ. ದೂರವಿದ್ದರೆ ವಿಳಾಸದ ಪುರಾವೆ ಹಿಡಿದು ಇ.ಎಸ್.ಐ. ಬ್ರಾಂಚ್ ಆಫೀಸಿಗೆ ಹೋಗಲಿ, ಇಲ್ಲವೇ ಮಾಲೀಕರ ಮೂಲಕ ಬದಲಾವಣೆ ಕೇಳಲಿ. ಬಾಡಿಗೆ ಮನೆ ಬದಲಿಸಿದಾಗ ಗ್ಯಾಸ್ ಸಿಲಿಂಡರಿನ ವಿಳಾಸ ಬದಲಿಸಲು ಓಡುವ ಜನ ಇದಕ್ಕೂ ಒಂದು ಬೆಳಿಗ್ಗೆ ಮೀಸಲಿಡಬಹುದು.

ದೀಪಾವಳಿ ವ್ಯಾಪಾರಕ್ಕೆ ಅಂಗಡಿಗಳು ಹೊಸ ಹುಡುಗರನ್ನು ಸೇರಿಸಿಕೊಳ್ಳುತ್ತವೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಆಳಿಟ್ಟುಕೊಂಡ ಮಾಲೀಕರು ತಮ್ಮ ಲೆಕ್ಕದವರಿಗೆ ಒಂದು ಮಾತು ಹೇಳಲಿ. ಫೋಟೋ ಇಸಕೊಳ್ಳುವಾಗಲೇ ಮನೆ ಎಲ್ಲಿ, ಹೆಂಡತಿ ಮಕ್ಕಳು ಎಲ್ಲಿ ಅಂತ ಕೇಳಿ, ಪಟ್ಟಿಯನ್ನು ಹುಡುಗನ ಕಡೆಗೇ ತಿರುಗಿಸಿ ತೋರಿಸಲಿ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ.